ಕಸ್ತೂರಿಗೆ ಕೇಳಿಸಿದ ನರ

ನೀಲಗಂಗಾ ಮೊದಲ ಸಲ ಬಿದ್ದದ್ದು ಗದಗ ಯಾರ್ಡಿನಲ್ಲಿ, ಗೂಡ್ಸ್ ಗಾಡಿಯ ಎಂಜಿನ್ನಿನಿಂದ ಇಳಿಯುವಾಗ. ಎಡಗಾಲು ಕೆಳಗಿನ ಮೆಟ್ಟಿಲ ಮೇಲಿದೆ ಎಂದುಕೊಂಡು ಕೈ ಬಿಟ್ಟಳು. ಕಾಲು ಗಾಳಿಯಲ್ಲಿತ್ತು. ಜಲ್ಲಿಕಲ್ಲಿನ ಮೇಲೆ ಬಿದ್ದವಳನ್ನು ಸಹಾಯಕ ಚಾಲಕ ಓಡಿಬಂದು ಎಬ್ಬಿಸಿದ.

"ಏನಾತ್ರಿ ಮೇಡಮ್?"

"ಏನಿಲ್ಲಪಾ, ಜಾರ್ತು."

ಜಾರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೆಟ್ಟಿಲು ಒಣಗಿತ್ತು, ಬಿಸಿಲು ಸುಡುತ್ತಿತ್ತು.

ಆಗ ಅವಳಿಗೆ ಮೂವತ್ತೇಳು. ಹುಬ್ಬಳ್ಳಿ ವಿಭಾಗದಲ್ಲಿ ಗೂಡ್ಸ್ ಗಾಡಿ ಓಡಿಸುವ ಕೆಲವೇ ಹೆಂಗಸರಲ್ಲಿ ಒಬ್ಬಳು. ಬೆನ್ನು ನೋಯುತ್ತಿತ್ತು, ಆದರೆ ಎಂಜಿನ್ ಓಡಿಸುವವರಲ್ಲಿ ಬೆನ್ನು ನೋಯದವರು ಯಾರಿದ್ದರು? ಇನ್ನೊಂದು ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎಂಜಿನ್ನಿನಲ್ಲಿ ಶೌಚದ ಜಾಗ ಇರುತ್ತಿರಲಿಲ್ಲವಾದ್ದರಿಂದ ಡ್ಯೂಟಿಗೆ ಹೊರಡುವ ಮುಂಚೆಯೇ ನೀರು ಕುಡಿಯುವುದನ್ನು ನಿಲ್ಲಿಸುವುದು, ತಾಸುಗಟ್ಟಲೆ ತಡೆದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಎರಡು ವರ್ಷಗಳ ಹಿಂದೆ ಆ ಒತ್ತಡ ತಿಳಿಯುವುದೇ ನಿಂತುಹೋಯಿತು. ದೇಹ ಕೊನೆಗೂ ಕೆಲಸಕ್ಕೆ ಹೊಂದಿಕೊಂಡಿತು ಎಂದು ಅವಳು ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಸೊಂಟದ ಕೆಳಗೆ, ಬೆನ್ನುಮೂಳೆಯ ಮೇಲೆ, ಹುಟ್ಟಿದಾಗಿನಿಂದ ನಿಂಬೆಹಣ್ಣಿನಷ್ಟು ಮೆತ್ತಗಿನ ಗಂಟೊಂದಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಎರಡನೆಯ ಸಲ ಬಿದ್ದಾಗ ಗಂಡ ಫಕೀರೇಶ ಎದುರಿಗೇ ಇದ್ದ. ಅವನು ರೈಲ್ವೆಯ ರನ್ನಿಂಗ್ ರೂಮಿನಲ್ಲಿ, ಅಂದರೆ ಚಾಲಕರು ಡ್ಯೂಟಿಯ ನಡುವೆ ಉಂಡು ಮಲಗುವ ಮನೆಯಲ್ಲಿ, ಅಡುಗೆಯವನು. ಅವಳ ಎಡಗಾಲಿನ ಬೆರಳುಗಳು ನೆಲಕ್ಕೆ ಉಜ್ಜಿ ರಕ್ತ ಬಂದಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಅವನು ಅವಳ ಮಾತು ಕೇಳದೆ ಆಸ್ಪತ್ರೆಗೆ ಕರೆದೊಯ್ದ.

ಊರ ಹೊರಗಿನ ಆ ನರರೋಗದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕಿ ಡಾಕ್ಟರ್ ಸೆಲಿನ್ ಮಥಾಯಸ್ ಇದ್ದರು, ಮಂಗಳೂರಿನ ಕಡೆಯವರು. ಎಂ.ಆರ್.ಐ. ಚಿತ್ರವನ್ನು ಪರದೆಯ ಮೇಲೆ ತೋರಿಸಿದರು.

"ನೋಡಿ, ಬೆನ್ನುಹುರಿ ಅಂದ್ರೆ ಮೂಳೆಯ ಕೊಳವೆಯೊಳಗೆ ನೀರಿನಲ್ಲಿ ತೂಗಾಡುವ ಒಂದು ಹಗ್ಗದ ಹಾಗೆ. ಸೊಂಟಕ್ಕಿಂತ ಮೇಲೆಯೇ ಅದು ಮುಗಿಯಬೇಕು, ತುದಿ ಬಿಡಿಯಾಗಿರಬೇಕು. ನಿಮ್ಮದು ಕೆಳಗಿನವರೆಗೂ ಬಂದು ಈ ಕೊಬ್ಬಿನ ಗಂಟಿಗೆ ಅಂಟಿಕೊಂಡುಂಟು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅಂಟಿದ್ದು. ಹೊರಗೆ ಕಾಣುವ ಗಂಟು ಚಿಕ್ಕದು, ಒಳಗಿನದು ದೊಡ್ಡದು. ನೀವು ಬಗ್ಗಿದಾಗಲೆಲ್ಲ ಅದು ಹುರಿಯನ್ನು ಜಗ್ಗುತ್ತದೆ."

"ಇಷ್ಟ್ ವರ್ಷ ಸುಮ್ನಿದ್ದು ಈಗ್ಯಾಕ್ರಿ?" ಎಂದಳು ನೀಲಗಂಗಾ.

"ಸುಮ್ಮನೆ ಇರಲಿಲ್ಲ. ಪ್ರತಿ ಸಲ ಜಗ್ಗಿದಾಗಲೂ ನರಕ್ಕೆ ರಕ್ತ ಸ್ವಲ್ಪ ಕಮ್ಮಿ ಆಗ್ತದೆ. ಸಹಿಸಿಕೊಳ್ಳುವಷ್ಟು ದಿನ ಸಹಿಸಿಕೊಂಡಿತು. ಈಗ ಕಾಲು ಹೋಗ್ತಾ ಉಂಟು, ಮೂತ್ರಕೋಶ ಹೋಗ್ತಾ ಉಂಟು. ಕಾದಷ್ಟೂ ಹೋಗುವುದು ಜಾಸ್ತಿ."

ಆಪರೇಷನ್ ಮಾಡಿ ಗಂಟು ತೆಗೆದುಬಿಡಿ ಎಂದ ಫಕೀರೇಶ. ಅಷ್ಟು ಸುಲಭವಲ್ಲವೆಂದು ಡಾಕ್ಟರ್ ತಲೆಯಾಡಿಸಿದರು. ಮಕ್ಕಳಲ್ಲಾದರೆ ಕೊಬ್ಬು ಬೇರೆ, ನರ ಬೇರೆ ಎಂದು ಒಂದಿಷ್ಟಾದರೂ ಕಾಣುತ್ತದೆ. ಈ ವಯಸ್ಸಿನಲ್ಲಿ ಎರಡೂ ಹೆಣೆದುಕೊಂಡು ನಾರಿನಂತೆ ಗಟ್ಟಿಯಾಗಿರುತ್ತವೆ. ಸ್ನಾಯು ಅಲುಗಿಸುವ ನರ ಯಾವುದೆಂದು ಯಂತ್ರ ಹೇಳುತ್ತದೆ. ಆದರೆ ಹಿಮ್ಮಡಿಗೆ ನೆಲ ತಗಲಿದ್ದನ್ನು, ಮೂತ್ರಕೋಶ ತುಂಬಿದ್ದನ್ನು ತಿಳಿಸುವ ನರ ಯಾವುದು? ಅದನ್ನು ಹೇಳಬೇಕಾದವರು ಅರಿವಳಿಕೆಯಲ್ಲಿ ಮಲಗಿರುತ್ತಾರೆ.

ಅದಕ್ಕಾಗಿಯೇ ಆ ಆಸ್ಪತ್ರೆಯಲ್ಲಿ ಸಹಸ್ಪಂದನ ಯಂತ್ರ ಇತ್ತು. ಎಲ್ಲರೂ ಅದನ್ನು ಜೋಡಿ ಬೆಲ್ಟ್ ಎನ್ನುತ್ತಿದ್ದರು. ರೋಗಿಯ ಒಂದೊಂದು ನರದ ಎಳೆಯನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿದಾಗ ಹೊರಡುವ ಸಂಕೇತವನ್ನು ಅದು ಹಿಡಿದು, ಪಕ್ಕದ ಕೋಣೆಯಲ್ಲಿ ಎಚ್ಚರವಾಗಿ ಮಲಗಿರುವ ಇನ್ನೊಬ್ಬರ ಅದೇ ನರಕ್ಕೆ ದಾಟಿಸುತ್ತಿತ್ತು. ಆ ಇನ್ನೊಬ್ಬರ ಸೊಂಟದೊಳಗೆ ದಾರದಷ್ಟು ತೆಳುವಾದ ಒಂದು ಪಟ್ಟಿಯನ್ನು ಇಳಿಸಿರುತ್ತಿದ್ದರು. ಅವರು ತಮಗೆ ಅನ್ನಿಸಿದ್ದನ್ನು ಹೇಳುತ್ತ ಹೋಗಬೇಕು: ಇದು ಹೆಬ್ಬೆರಳು, ಇದು ಮೀನಖಂಡ, ಇದು ಏನೂ ಅಲ್ಲ. ಏನೂ ಅಲ್ಲದ್ದನ್ನು ಡಾಕ್ಟರ್ ಕತ್ತರಿಸುತ್ತಿದ್ದರು. ಹಾಗೆ ಮಲಗುವವರಿಗೆ ಕೇಳುಗರು ಎಂದು ಹೆಸರು.

"ಕೇಳುಗರು ಹೆಂಗಸೇ ಆಗಬೇಕು, ವಯಸ್ಸು ಎತ್ತರ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ರೆ ಒಬ್ಬರ ಪಾದ ಇನ್ನೊಬ್ಬರಿಗೆ ಮೊಣಕಾಲಿನಲ್ಲಿ ಕೇಳಿಸ್ತದೆ. ಅಕ್ಕತಂಗಿ ಇದ್ದಾರಾ ನಿಮಗೆ?" ಎಂದರು ಡಾಕ್ಟರ್.

ಇರಲಿಲ್ಲ. ತಾಯಿ ತೀರಿಕೊಂಡು ವರ್ಷಗಳಾಗಿದ್ದವು.

"ಅಪಾಯ ಐತೇನ್ರಿ ಕೇಳೋರಿಗೆ?" ಫಕೀರೇಶ ಕೇಳಿದ.

ಡಾಕ್ಟರ್ ಮುಚ್ಚಿಡಲಿಲ್ಲ. "ನರ ಕತ್ತರಿಸುವಾಗ ಅದರಿಂದ ಒಂದು ಜೋರಾದ ಸಂಕೇತ ಹೊರಡ್ತದೆ. ಯಂತ್ರ ಅದನ್ನು ಸೋಸುತ್ತದೆ, ಪೂರ್ತಿ ಅಲ್ಲ. ಇಲ್ಲಿಯವರೆಗೆ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಒಬ್ಬರಿಗೆ ಮಾತ್ರ ಅಂಗಾಲು ಮರಗಟ್ಟಿದ್ದು ಹಾಗೆಯೇ ಉಳಿಯಿತು."

ವಾಪಸು ಬರುವಾಗ ಆಟೊದಲ್ಲಿ ಇಬ್ಬರ ಮನಸ್ಸಿನಲ್ಲೂ ಒಂದೇ ಹೆಸರಿತ್ತು.

ಕಸ್ತೂರಿ ಫಕೀರೇಶನ ತಂಗಿ. ನೀಲಗಂಗಾಳಿಗಿಂತ ಒಂದು ವರ್ಷ ಚಿಕ್ಕವಳು, ಹೆಚ್ಚುಕಡಿಮೆ ಅಷ್ಟೇ ಎತ್ತರ. ಗಂಡನ ಮನೆ ಬಿಟ್ಟು ಬಂದಾಗಿನಿಂದ ಇವರ ಜೊತೆಗೇ ಇದ್ದಳು. ದುರ್ಗದಬೈಲಿನ ಸೀರೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವುದು ಅವಳ ಕೆಲಸ. ಅತ್ತಿಗೆ ನಾದಿನಿ ಎಂದೂ ಜಗಳವಾಡಿದವರಲ್ಲ, ಮಾತಾಡಿದವರೂ ಅಲ್ಲ. ಎಂಜಿನ್ ಓಡಿಸುವ ಸೊಕ್ಕು ಎಂದು ಕಸ್ತೂರಿ ಅಂದುಕೊಂಡಿದ್ದಳು. ನನ್ನ ಅಡುಗೆಮನೆಯಲ್ಲಿ ನಾನೇ ಪರಕೀಯಳು ಎಂದು ನೀಲಗಂಗಾ ಅಂದುಕೊಂಡಿದ್ದಳು. ಉಪ್ಪು ತೀರಿದೆ, ಬೀಗದ ಕೈ ಎಲ್ಲಿದೆ, ಸಿಲಿಂಡರ್ ಬಂತೇ ಎಂಬಲ್ಲಿಗೆ ಅವರ ಮಾತು ಮುಗಿಯುತ್ತಿತ್ತು.

ಫಕೀರೇಶ ಊಟಕ್ಕೆ ಕೂತಾಗ ವಿಷಯ ತೆಗೆದ. ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ನನಗ ಆಗೂದಿಲ್ಲಣ್ಣ."

"ಯಾಕವಾ?"

"ನಾ ನಿಂತು ದುಡಿಯಾಕಿ. ಕಾಲಿಗೆ ಏನರ ಆದ್ರ ಯಾರ್ ಇಟ್ಕೋತಾರ ನನ್ನ? ಮತ್ತ ನಿಮ್ಮ ಮನ್ಯಾಗ ಕುಂತು ಉಣ್ಣಲೇನು?" ಸ್ವಲ್ಪ ಹೊತ್ತಿನ ಮೇಲೆ ಸೇರಿಸಿದಳು: "ವೈನಿ ಬಾಯಿಬಿಟ್ಟು ಕೇಳ್ಯಾಳೇನು?"

ನೀಲಗಂಗಾ ಕೇಳಿರಲಿಲ್ಲ. ಒಳಗಿನ ಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು, ಆದರೂ ಹೊರಗೆ ಬರಲಿಲ್ಲ.

ಮುಂದಿನ ಎರಡು ತಿಂಗಳು ಅವಳ ದೇಹ ಅವಳ ಕೈಬಿಟ್ಟು ಹೋಯಿತು. ರೈಲ್ವೆ ವೈದ್ಯರು ಎಂಜಿನ್ ಹತ್ತುವುದನ್ನು ನಿಲ್ಲಿಸಿದರು. ಬೆನ್ನಿನಿಂದ ಎಡತೊಡೆಯವರೆಗೆ ಕಾಸಿದ ಕಬ್ಬಿಣ ಎಳೆದಂಥ ನೋವು. ಕೂತರೂ ಅದೇ, ಮಲಗಿದರೂ ಅದೇ. ಮೂತ್ರಕೋಶ ತುಂಬಿದ್ದು ತಿಳಿಯದೆ ಉಕ್ಕಿ ಹಾಸಿಗೆ ಒದ್ದೆಯಾಗತೊಡಗಿತು. ಒಳಗೆ ಉಳಿದದ್ದು ಮೂತ್ರಪಿಂಡಕ್ಕೆ ಮೇಲೇರಿ ಜ್ವರ ಬಂತು. ಒಂದು ಬೆಳಿಗ್ಗೆ ಗಂಡ ಡ್ಯೂಟಿಗೆ ಹೋದ ಮೇಲೆ ಎದ್ದು ನೋಡಿದರೆ, ತಾನು ಒದ್ದೆ ಮಾಡಿ ಮುದುರಿ ಮೂಲೆಗೆ ತುರುಕಿದ್ದ ಹೊದಿಕೆಗಳು ಅಲ್ಲಿರಲಿಲ್ಲ. ಹಿತ್ತಿಲಲ್ಲಿ ಒಗೆದು ಹಿಂಡಿ ಹರವಿದ್ದವು. ಕಸ್ತೂರಿ ಅಂಗಡಿಗೆ ಹೋಗಿಯಾಗಿತ್ತು. ಆ ದಿನದಿಂದ ಅದು ದಿನವೂ ನಡೆಯಿತು, ಒಂದು ಮಾತೂ ಇಲ್ಲದೆ. ನೀಲಗಂಗಾಳಿಗೆ ಅದು ನೋವಿಗಿಂತ ಕಷ್ಟವಾಯಿತು.

ಜ್ವರ ಎರಡನೆಯ ಸಲ ಬಂದಾಗ, ಇನ್ನು ತಡಮಾಡಿದರೆ ಮೂತ್ರಪಿಂಡ ಉಳಿಯುವುದಿಲ್ಲ ಎಂದರು ಮಥಾಯಸ್ ಡಾಕ್ಟರ್. ಆ ಭಾನುವಾರ ಕಸ್ತೂರಿ ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನೀಲಗಂಗಾ ಗೋಡೆ ಹಿಡಿದು ಬಂದಳು, ಬಾಗಿಲಲ್ಲಿ ಕಾಲು ಸೋತಿತು, ಉಳಿದ ದೂರವನ್ನು ಕೂತಲ್ಲಿಂದಲೇ ಜರುಗುತ್ತ ಬಂದಳು. ಕಸ್ತೂರಿ ಏಳಲು ಹೋದಾಗ, ಬೇಡ ಎಂದು ಕೈ ಮಾಡಿದಳು.

"ನಾ ನಿನಗ ಏನೂ ಮಾಡಿಲ್ಲ ಕಸ್ತೂರಿ. ಛಲೋ ಒಂದ್ ಮಾತೂ ಆಡಿಲ್ಲ. ಕೇಳಾಕ ನನಗ ಮುಖ ಇಲ್ಲ. ಆದ್ರೂ ಕೇಳಾಕತ್ತೀನಿ."

ಕಸ್ತೂರಿ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು.

"ನಂಗ ಭಾಳ ಹೆದರಿಕಿ ಆಗ್ತೈತಿ ವೈನಿ."

"ನನಗೂ ಆಗ್ತೈತಿ."

ಇಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಕೊನೆಗೆ ಕಸ್ತೂರಿ ಕೇಳಿದಳು: "ಅಲ್ಲಿ ಎಲ್ಲಾನೂ ಉಳಿಸಾಕ ಆಗಲಿಲ್ಲ ಅಂದ್ರ? ಏನ್ ಉಳೀಬೇಕು ನಿನಗ? ಅದನ್ನ ಹೇಳು. ನನಗ ಗೊತ್ತಿರಬೇಕು."

ನೀಲಗಂಗಾ ಯೋಚಿಸಲೇ ಇಲ್ಲ. "ಕಾಲು. ಕಾಲೊಂದು ಉಳಿದ್ರ ನಾ ಎಂಜಿನ್ ಹತ್ತತೀನಿ. ಉಳಿದದ್ದಕ್ಕ ನಳಿಗಿ ಹಾಕ್ಕೊಂಡು ಬಾಳೇ ಮಾಡ್ತೀನಿ. ಡಾಕ್ಟರಿಗೂ ಹಿಂಗ ಹೇಳೀನಿ."

"ಆತು," ಎಂದಳು ಕಸ್ತೂರಿ.

ಆಪರೇಷನ್ ಬೆಳಿಗ್ಗೆ ಶುರುವಾಯಿತು. ಎರಡು ಕೋಣೆ, ನಡುವೆ ಗಾಜಿನ ಗೋಡೆ. ಆ ಕಡೆ ನೀಲಗಂಗಾ ಬೋರಲಾಗಿ ಮಲಗಿದ್ದಳು. ಹಸಿರು ಬಟ್ಟೆಯ ನಡುವೆ ಬೆನ್ನಿನ ಒಂದು ತುಂಡು ಮಾತ್ರ ಕಾಣುತ್ತಿತ್ತು. ಈ ಕಡೆ ಕಸ್ತೂರಿ ಹಾಗೆಯೇ ಬೋರಲಾಗಿ, ಎಚ್ಚರವಾಗಿ. ಪಟ್ಟಿ ಇಳಿಸಿದ ಜಾಗ ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಸಮೀರ್ ಬೇಪಾರಿ ಕೂತಿದ್ದ. ಹುಬ್ಬಳ್ಳಿಯವನೇ. ಫಕೀರೇಶ ಹೊರಗೆ ಕಾರಿಡಾರಿನಲ್ಲಿದ್ದ.

"ಅಕ್ಕಾರ, ನಿಮಗ ಏನ್ ಅನಸ್ತದೋ ಅದನ್ನಷ್ಟ ಹೇಳ್ರಿ. ವಿಚಾರ ಮಾಡಿ ಹೇಳಬ್ಯಾಡ್ರಿ," ಎಂದ ಸಮೀರ್.

ಸ್ಪೀಕರಿನಲ್ಲಿ ಡಾಕ್ಟರ ದನಿ ಬಂತು. "ಒಂದನೆಯದು."

ಕಸ್ತೂರಿಯ ಬಲಗಾಲಿನ ಹೆಬ್ಬೆರಳ ಮೇಲೆ ಇರುವೆ ಹರಿದಂತಾಯಿತು. ಅಲ್ಲಿ ಇರುವೆ ಇರಲಿಲ್ಲ. "ಬಲಗಾಲು, ಹೆಬ್ಬಟ್ಟು," ಎಂದಳು.

"ಉಳಿಸ್ತೇನೆ. ಎರಡನೆಯದು."

"ಏನಿಲ್ರಿ."

"ಮತ್ತೊಮ್ಮೆ."

"ಏನೇನೂ ಇಲ್ಲ."

ಅದು ಬರೀ ಕೊಬ್ಬು. ಡಾಕ್ಟರ್ ಕತ್ತರಿಸಿದರು. ಹೀಗೆ ಒಂದೊಂದಾಗಿ ಸಾಗಿತು. ಮೀನಖಂಡ, ಹಿಮ್ಮಡಿ, ತೊಡೆಯ ಹಿಂಭಾಗ. ಹೆಸರಿಟ್ಟು ಹೇಳಲು ನಾಚಿಕೆಯಾಗುವ ಜಾಗಗಳು. ಅವನ್ನೂ ಕಣ್ಣು ಮುಚ್ಚಿ ಹೇಳಿದಳು. ಕೆಲವು ಕಡೆ ಕೊಬ್ಬಿನೊಳಗೆ ಏನೂ ತಿಳಿಸದ ಅರೆಸತ್ತ ಎಳೆಗಳು ಇದ್ದವು. ಅವನ್ನು ಕತ್ತರಿಸಿದಾಗ ಬಾಗಿಲು ಬಡಿದಂಥ ಒಂದು ಹೊಡೆತ ಅವಳ ಕಾಲಿಗೆ ಬಂದು ಹೋಗುತ್ತಿತ್ತು. ಅಂಥ ಹೊಡೆತ ಎಡಗಾಲಿಗೇ ಹೆಚ್ಚು ಬಂತು. ಪ್ರತಿ ಸಲವೂ ಸಮೀರ್ ಅವಳ ಮುಖ ನೋಡುತ್ತಿದ್ದ. ಅವಳು ಹಲ್ಲು ಕಚ್ಚಿ ಮುಂದೆ ಎನ್ನುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರ್ ಹುರಿಯ ತುದಿಯನ್ನು ಮೆಲ್ಲಗೆ ಎತ್ತಿ ಹಿಡಿದರು. ಆಗ ಕಸ್ತೂರಿಗೆ ಬಂದದ್ದು ಬೇರೆಯೇ. ಯಾರೋ ಬೆನ್ನೊಳಗೆ ಕೈಹಾಕಿ, ಕಾಲಿನ ತುದಿಯವರೆಗೂ ಇಳಿದ ಒಂದು ತಂತಿಯನ್ನು ಹಿಡಿದು ಜಗ್ಗಿದ ಹಾಗೆ. ಅವಳು ಕೂಗಿಬಿಟ್ಟಳು.

"ನಿಲ್ಲಿಸ್ರಿ ಡಾಕ್ಟರ್," ಎಂದ ಸಮೀರ್. ಪರದೆ ನೋಡಿ ಮೆತ್ತಗೆ ಕಸ್ತೂರಿಗೆ ಹೇಳಿದ: "ಇದು ನಾವು ಮಾಡಿದ್ದಲ್ಲಕ್ಕಾ. ಹುರಿ ಜಗ್ಗೋ ನೋವಿದು. ಅವರಿಗೆ ದಿನಾ ಇರೋದು. ಯಂತ್ರ ಇದನ್ನ ಅರ್ಧಕ್ಕ ಇಳಿಸಿ ಕಳಸ್ತೈತಿ."

ಅರ್ಧ. ಕಸ್ತೂರಿಯ ಕಣ್ಣಿನಿಂದ ನೀರು ಇಳಿದು ಹಾಸಿಗೆಗೆ ಬಿತ್ತು. ಇದರ ಎರಡರಷ್ಟನ್ನು ಹೊತ್ತುಕೊಂಡು ಈಕೆ ಗಾಡಿ ಓಡಿಸುತ್ತಿದ್ದಳೇ? ಮನೆಗೆ ಬಂದು ಮುಖ ಗಂಟಿಕ್ಕಿ ಕೂತಾಗ ಸೊಕ್ಕು ಎಂದುಕೊಂಡದ್ದು ಇದನ್ನೇ?

"ಕಸ್ತೂರಿಯವರೇ, ಆಗ್ತದಾ?" ಡಾಕ್ಟರ್ ಕೇಳಿದರು.

"ಮಾಡ್ರಿ," ಎಂದಳು.

ಕೊನೆಗೆ ಒಂದೇ ಒಂದು ಪಟ್ಟಿ ಉಳಿಯಿತು. ಬೂಟಿನ ಲೇಸಿನಷ್ಟು ದಪ್ಪ, ಎಲುಬಿನಂತೆ ಗಟ್ಟಿ. ಅದನ್ನು ಸೀಳುತ್ತ ಹೋದಾಗ ಒಳಗೆ ಎರಡು ಎಳೆ ಕಂಡವು, ಒಂದರ ಮೈಗೆ ಒಂದು ಬೆಸೆದುಕೊಂಡು. ಮೊದಲನೆಯದನ್ನು ಮುಟ್ಟಿದರು.

"ಎಡಪಾದ," ಎಂದಳು ಕಸ್ತೂರಿ. "ಆದ್ರ ದೂರದಾಗ ಕೇಳಿಸಿದಂಗ ಆತು. ಕಂಬಳಿ ಸುತ್ತಿ ಮುಟ್ಟಿದಂಗ."

ಎರಡನೆಯದು ಮುಟ್ಟಿದಾಗ ಅವಳಿಗೆ ಕೂಡಲೇ ಎದ್ದು ಬಚ್ಚಲಿಗೆ ಓಡಬೇಕೆನಿಸಿತು. "ಇದು ಮೂತ್ರದ್ದು. ಇದು ಗಟ್ಟಿ ಐತಿ. ಪೂರ್ತಿ ಜೀವಂತ ಐತಿ."

ಡಾಕ್ಟರ್ ನಿಧಾನವಾಗಿ ಹೇಳಿದರು. "ಎರಡನ್ನೂ ಬಿಡಿಸಲಿಕ್ಕೆ ಆಗುವುದಿಲ್ಲ. ಒಂದನ್ನು ಬಿಡಿಸಬೇಕಾದ್ರೆ ಇನ್ನೊಂದನ್ನು ಕತ್ತರಿಸಬೇಕು. ಹಾಗೆಯೇ ಬಿಟ್ಟು ಮುಚ್ಚಿದ್ರೆ ಈಗ ಹುರಿಯ ಎಳೆತ ಪೂರ್ತಿ ಇದರ ಮೇಲೆ ಬೀಳ್ತದೆ, ಕೆಲವೇ ತಿಂಗಳಲ್ಲಿ ಎರಡೂ ಹೋಗ್ತವೆ. ನೀಲಗಂಗಾ ಕಾಲು ಉಳಿಸಿ ಅಂತ ಹೇಳಿದ್ದಾರೆ. ಕಾಲಿನ ಎಳೆ ನಿಜವಾಗಿ ಸೋತು ಹೋಗಿದ್ರೆ, ಸತ್ತದ್ದನ್ನು ಉಳಿಸಿ ಬದುಕಿದ್ದನ್ನು ಕೊಂದ ಹಾಗೆ ಆಗ್ತದೆ. ಸಮೀರ್, ಪರದೆಯಲ್ಲಿ ಎಂತ ಉಂಟು?"

"ಎರಡರಾಗೂ ಕರೆಂಟ್ ಹರಿಯಾಕತ್ತೈತಿ ಡಾಕ್ಟರ್. ಎರಡೂ ಬೆಸದಾವ, ಕಾಲಿನ ಸ್ನಾಯು ಅಲುಗಿಸೋದು ಎಷ್ಟು ಉಳದೈತಿ ಅಂತ ತಿಳಿಯೂದಿಲ್ಲ. ಅಷ್ಟ ಹೇಳಬಲ್ಲೆ ನಾ."

ಆಗ ಕಸ್ತೂರಿ ತನ್ನ ಎಡಗಾಲಿನ ಬೆರಳು ಆಡಿಸಿ ನೋಡಿದಳು. ಆಡಿದವೋ ಇಲ್ಲವೋ ಗೊತ್ತಾಗಲಿಲ್ಲ.

"ಸಮೀರ್, ನನ್ನ ಎಡಗಾಲ ಜೋಮು ಹಿಡದೈತಿ. ಮಲಗಿ ಮಲಗಿ ಹಿಡೀತೋ, ಆ ಹೊಡತಕ್ಕ ಹಿಡೀತೋ ಗೊತ್ತಿಲ್ಲ. ದೂರದಾಗ ಕೇಳಿಸಿದ್ದು ವೈನಿ ಕಾಲೋ, ನಂದೋ?"

ಸಮೀರ್ ಗಾಜಿನತ್ತ ತಿರುಗಿದ. "ಡಾಕ್ಟರ್, ಇವರ ನರ ಒಂದ್ಸಲ ಪರೀಕ್ಷೆ ಮಾಡಬೇಕು. ಯಂತ್ರ ಬಂದ್ ಮಾಡಿ ಮತ್ತ ಚಾಲೂ ಮಾಡಬೇಕಾಗ್ತದ. ಇಪ್ಪತ್ತು ನಿಮಿಷ."

"ಐದು ನಿಮಿಷ ಸಹ ಇಲ್ಲ. ಹುರಿ ಎತ್ತಿ ಹಿಡಿದಿದ್ದೇನೆ, ಬಣ್ಣ ತಿರುಗ್ತಾ ಉಂಟು. ಇನ್ನೊಮ್ಮೆ ಎರಡನ್ನೂ ಮುಟ್ಟುತ್ತೇನೆ. ಕಸ್ತೂರಿಯವರೇ, ನಿರ್ಧಾರ ನನ್ನದು. ನಿಮಗೆ ಕೇಳಿಸಿದ್ದನ್ನು ಮಾತ್ರ ಹೇಳಿ."

ಮೊದಲನೆಯದು. ಕಂಬಳಿಯ ಆಚೆ ಏನೋ ಅಲುಗಿತು. ಎರಡನೆಯದು. ಚುಚ್ಚಿದಷ್ಟು ಸ್ಪಷ್ಟ. ಅವಳ ಕಣ್ಣ ಮುಂದೆ ಹಿತ್ತಿಲಿನ ತಂತಿಯ ಮೇಲಿನ ಹೊದಿಕೆಗಳು ಬಂದವು. ಅಡುಗೆಮನೆಯಲ್ಲಿ ಕೂತು ಕಾಲು ಎಂದ ಮುಖವೂ ಬಂತು.

"ಕಾಲಿನ ಎಳಿ ಸತ್ತೈತಿ," ಎಂದಳು. "ಅದನ್ನ ಕತ್ತರಸ್ರಿ."

ಆಮೇಲೆ ಬಂದ ಹೊಡೆತಕ್ಕೆ ಅವಳಿಗೆ ಪ್ರಜ್ಞೆ ತಪ್ಪಿತು.

ನೀಲಗಂಗಾಳಿಗೆ ಎಚ್ಚರವಾದಾಗ ಬೆನ್ನಿನ ನೋವು ಇರಲಿಲ್ಲ. ಗಾಯದ ಉರಿ ಇತ್ತು, ಅಷ್ಟೇ. ವರ್ಷಗಳ ಮೇಲೆ ಮೊದಲ ಸಲ ಅವಳು ಉಸಿರು ಪೂರ್ತಿ ಎಳೆದುಕೊಂಡಳು. ಒಂದು ವಾರಕ್ಕೆ ನಳಿಗೆ ತೆಗೆದರು. ಮೂತ್ರ ಬಂದದ್ದು ತಾನಾಗಿಯೇ ತಿಳಿಯಿತು. ನರ್ಸು ಖುಷಿಯಿಂದ ಚಪ್ಪಾಳೆ ತಟ್ಟಿದಳು. ನೀಲಗಂಗಾ ಕಾಲು ನೋಡುತ್ತಿದ್ದಳು. ಎಡಪಾದ ಹಾಸಿಗೆಯ ಮೇಲೆ ಜೋತು ಬಿದ್ದಿತ್ತು. ಎತ್ತೆಂದರೆ ಏಳಲಿಲ್ಲ. ಮುಟ್ಟಿದರೆ ಬೇರೆ ಯಾರದೋ ಪಾದ ಮುಟ್ಟಿದಂತಿತ್ತು.

ಮಥಾಯಸ್ ಡಾಕ್ಟರ್ ಹಾಸಿಗೆಯ ಪಕ್ಕ ಕೂತು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕಾಲಿನ ಎಳೆ ಸೋತಿತ್ತು ಎಂದು ಕಸ್ತೂರಿ ಹೇಳಿದ್ದು, ತಾನು ಅದನ್ನು ನಂಬಿ ಕತ್ತರಿಸಿದ್ದು. ಕಸ್ತೂರಿಯ ಕಾಲು ಜೋಮು ಹಿಡಿದಿದ್ದದ್ದನ್ನೂ ಹೇಳಿದರು. ಹುರಿಯ ಸುತ್ತ ಮತ್ತೆ ಗಾಯದ ನಾರು ಬೆಳೆದು ಅಂಟಿಕೊಳ್ಳುವ ಸಾಧ್ಯತೆ ಯಾವಾಗಲೂ ಇರುತ್ತದೆ ಎಂದರು.

"ನಾ ಕಾಲು ಕೇಳಿದ್ದೆ," ಎಂದಳು ನೀಲಗಂಗಾ.

"ಹೌದು."

"ನಾ ಕಾಲು ಕೇಳಿದ್ದೆ ಮೇಡಮ್."

ಮನೆಗೆ ಬಂದ ಮೇಲೆ ಅವಳು ಕಸ್ತೂರಿಯ ಜೊತೆ ಮಾತು ಬಿಟ್ಟಳು. ಮೊದಲಿನ ಉಪ್ಪು, ಬೀಗದ ಕೈಗಳ ಮಾತೂ ಇಲ್ಲ. ಕಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ, ಕೈಗೆ ಕೋಲು. ರೈಲ್ವೆಯವರು ಅವಳನ್ನು ಚಾಲಕ ಹುದ್ದೆಗೆ ಇನ್ನು ತಕ್ಕವಳಲ್ಲ ಎಂದು ಬರೆದು, ಚಾಲಕರು ಹಾಜರಿ ಹಾಕುವ ಲಾಬಿಯಲ್ಲಿ ಕುರ್ಚಿಯೊಂದನ್ನು ಕೊಟ್ಟರು. ಡ್ಯೂಟಿಗೆ ಹೊರಡುವವರು ಕುಡಿದಿಲ್ಲವೆಂದು ಯಂತ್ರದೊಳಗೆ ಊದಿಸುವುದು ಅವಳ ಕೆಲಸ. ನಿನ್ನೆಯವರೆಗೆ ಜೊತೆಯಲ್ಲಿ ದುಡಿದವರು ಒಬ್ಬೊಬ್ಬರಾಗಿ ಬಂದು ಅವಳೆದುರು ಊದಿ, ಎಂಜಿನ್ ಹತ್ತಿ ಹೋಗುತ್ತಿದ್ದರು. ಕಿಟಕಿಯಿಂದ ಹಾರ್ನು ಕೇಳಿಸುತ್ತಿತ್ತು. ಸಂಜೆ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಫಕೀರೇಶ ಇಬ್ಬರ ನಡುವೆ ತಾಟು ಹಿಡಿದು ಓಡಾಡಿ ಸಣ್ಣಗಾದ.

ಕಸ್ತೂರಿಯ ಎಡಗಾಲಿನ ಜೋಮು ಬಿಡಲಿಲ್ಲ. ನಾಳೆ ಬಿಡುತ್ತದೆ, ನಾಡಿದ್ದು ಬಿಡುತ್ತದೆ ಎಂದು ಕಾದಳು. ಎರಡು ತಿಂಗಳಾದ ಮೇಲೆ ಯಾರಿಗೂ ಹೇಳದೆ ಸಮೀರನ ಬಳಿ ಹೋದಳು. ಅವನು ಪರೀಕ್ಷೆ ಮಾಡಿ, ತಲೆ ತಗ್ಗಿಸಿ ಕೂತ.

"ಇದು ಯಾವಾಗ ಹೋಗಿದ್ದು?" ಕಸ್ತೂರಿ ಕೇಳಿದಳು. "ಕಡೀ ಹೊಡತಕ್ಕ ಹೋತೋ, ಅದಕ್ಕೂ ಮೊದಲ ಹೋಗಿತ್ತೋ?"

"ಅದನ್ನ ಈಗ ಯಾರೂ ಹೇಳಾಕ ಆಗೂದಿಲ್ಲಕ್ಕಾ."

"ಮೊದಲ ಹೋಗಿದ್ರ, ನಾ ಕೇಳಿದ್ದು ನನ್ನ ಕಾಲು. ವೈನೀದಲ್ಲ."

ಮಥಾಯಸ್ ಡಾಕ್ಟರಿಗೆ ತೋರಿಸೋಣ, ಕೂತುಕೊಳ್ಳಿ ಎಂದ ಸಮೀರ್. ಅವಳು ಎದ್ದು ಬಂದುಬಿಟ್ಟಳು.

ಆ ಸಂಜೆ ಅವಳು ನೀಲಗಂಗಾಳ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ತನ್ನ ಪಾದವೂ ಹೋಗಿದೆ ಎಂದು. ತನಗೆ ಕೇಳಿಸಿದ್ದು ಯಾರ ಕಾಲು ಎಂದು ತನಗೇ ಗೊತ್ತಿಲ್ಲ ಎಂದು. "ಇನ್ನೂ ಒಂದೈತಿ. ನಾ ಕೇಳಿಸಿದ್ದನ್ನ ಹೇಳಿದ್ನೋ, ಒದ್ದಿ ಹಾಸಿಗಿ ನೋಡಿ ನೋಡಿ ನನಗ ಬೇಕಾದ್ದನ್ನ ಹೇಳಿದ್ನೋ, ಅದೂ ಗೊತ್ತಿಲ್ಲ ವೈನಿ. ದಿನಾ ವಿಚಾರ ಮಾಡ್ತೀನಿ. ಗೊತ್ತಾಗೂದಿಲ್ಲ."

ಗೋಡೆಗೆ ಮುಖ ಮಾಡಿದ್ದ ನೀಲಗಂಗಾ ತಿರುಗಲಿಲ್ಲ.

"ಹೊರಗ ಹೋಗು," ಎಂದಳು.

ಕಸ್ತೂರಿ ಹೋದಳು. ಮರುದಿನ ಎಂದಿನಂತೆ ಅಂಗಡಿಗೆ ಹೋದಳು. ಕಾಲಿನ ವಿಷಯ ಮಾಲೀಕರಿಗೆ ತಿಳಿಯದಂತೆ ಕಟ್ಟೆಗೆ ಒರಗಿ ನಿಲ್ಲುತ್ತಿದ್ದಳು. ನಾಲ್ಕಾರು ದಿನ ಕಳೆದಿರಬಹುದು, ಮೇಲಿನ ಖಾನೆಯಿಂದ ಸೀರೆ ತೆಗೆಯಲು ಏಣಿ ಹತ್ತಿದವಳು ಬಿದ್ದಳು. ಅಂಗಡಿಯವರು ಫಕೀರೇಶನಿಗೆ ಫೋನು ಮಾಡಿದರು. ಅವನು ಆ ದಿನ ಲೋಂಡಾದ ರನ್ನಿಂಗ್ ರೂಮಿನ ಡ್ಯೂಟಿಯಲ್ಲಿದ್ದ. ಅವನು ಹೆಂಡತಿಗೆ ಫೋನು ಮಾಡಿದ, ಅವಳು ಹೋಗುತ್ತಾಳೆಂಬ ನಂಬಿಕೆಯಿಲ್ಲದೆ.

ನೀಲಗಂಗಾ ಲಾಬಿಯಿಂದ ಅರ್ಧ ದಿನದ ರಜೆ ಹಾಕಿ ಆಟೊದಲ್ಲಿ ಬಂದಳು. ದುರ್ಗದಬೈಲಿನ ಗದ್ದಲದಲ್ಲಿ ಕೋಲೂರಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಳು. ಕಸ್ತೂರಿ ಸ್ಟೂಲಿನ ಮೇಲೆ ಕೂತಿದ್ದಳು, ಹಣೆ ಊದಿತ್ತು. ಮೂಳೆ ಮುರಿದಿರಲಿಲ್ಲ. ಮಾಲೀಕರು ಸಂಕೋಚದಿಂದ ಹೇಳಿದರು: "ಸ್ವಲ್ಪ ದಿವಸ ಮನ್ಯಾಗ ಇರ್ಲಿರಿ. ಆಮ್ಯಾಲೆ ನೋಡೂನು." ಆಮೇಲೆ ನೋಡುವುದೇನೂ ಇಲ್ಲವೆಂದು ಮೂವರಿಗೂ ಗೊತ್ತಿತ್ತು.

ನೀಲಗಂಗಾ ಕೋಲನ್ನು ಬಲಗೈಗೆ ಬದಲಿಸಿ, ಎಡಗೈ ಮುಂದೆ ಚಾಚಿದಳು. "ಏಳು."

ಇಬ್ಬರೂ ಮೆಟ್ಟಿಲು ಇಳಿದರು. ಒಬ್ಬಳ ಎಡಪಾದ ನೆಲಕ್ಕೆ ಬಡಿಯುತ್ತಿತ್ತು, ಇನ್ನೊಬ್ಬಳ ಎಡಪಾದ ಎಳೆಯುತ್ತಿತ್ತು. ಬಳೆ ಅಂಗಡಿಯವರು ಕೈಕೆಲಸ ಬಿಟ್ಟು ನೋಡಿದರು. ಕಾದಿದ್ದ ಆಟೊದವನು ಇಬ್ಬರೂ ಹತ್ತುವವರೆಗೆ ಹಿಂತಿರುಗಿ ನೋಡಿ, ಮರುಕದಿಂದ ಕೇಳಿದ: "ಅಕ್ಕತಂಗ್ಯಾರೇನ್ರಿ? ಹುಟ್ಟಿದಾಗಿಂದ ಹಿಂಗೇನು?"

"ನಡೀರಿ ನೀವು," ಎಂದಳು ನೀಲಗಂಗಾ.

ಆಟೊ ಹೊರಟಿತು.

"ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ನನಗ," ಎಂದಳು ನೀಲಗಂಗಾ ರಸ್ತೆ ನೋಡುತ್ತ.

"ಗೊತ್ತೈತಿ."

"ಹೋಗೂದೂ ಇಲ್ಲ ಅನಸ್ತೈತಿ."

"ಹೂಂ."

"ಹಾರ್ನ್ ಕೇಳಿದಾಗೆಲ್ಲ ನಿನ್ನ ಕೊಂದುಬಿಡಬೇಕು ಅನಸ್ತೈತಿ. ಬಚ್ಚಲಕ್ಕ ಹೋಗಿ ಬಂದಾಗೆಲ್ಲ ನಿನ್ನ ಕಾಲು ಹಿಡೀಬೇಕು ಅನಸ್ತೈತಿ. ಎರಡೂ ದಿನಾ ಆಗ್ತೈತಿ. ನಾ ಏನ್ ಮಾಡ್ಲಿ ಹೇಳು?"

ಕಸ್ತೂರಿ ಇನ್ನೊಂದು ಕಡೆಗೆ ಮುಖ ತಿರುಗಿಸಿದಳು. ನೀಲಗಂಗಾ ಅವಳ ಕಾಲಿನ ಕಡೆ ನೋಡಿದಳು. ಕಸ್ತೂರಿಯ ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲಾಗಿತ್ತು, ಧೂಳು ಮೆತ್ತಿಕೊಂಡಿತ್ತು.

"ಚಪ್ಪಲಿ ಎಲ್ಲಿ?"

ಕಸ್ತೂರಿ ಪಾದ ನೋಡಿದಳು. ಅಲ್ಲಿ ಚಪ್ಪಲಿ ಇಲ್ಲವೆಂಬುದು ಆಗಷ್ಟೇ ಅವಳಿಗೆ ತಿಳಿದದ್ದು. ಏಣಿಯಿಂದ ಬಿದ್ದಾಗಲೂ, ಕೆಲಸ ಹೋದಾಗಲೂ ಅಳದವಳು ಈಗ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. "ಗೊತ್ತಾಗಲೇ ಇಲ್ಲ ವೈನಿ. ಬಿದ್ದದ್ದು ಗೊತ್ತಾಗಲೇ ಇಲ್ಲ."

"ಗೊತ್ತಾಗೂದಿಲ್ಲ," ಎಂದಳು ನೀಲಗಂಗಾ. "ಅಂಗಡಿ ಮೆಟ್ಟಿಲದಾಗ ಬಿದ್ದಿರ್ತೈತಿ. ಹಿಮ್ಮಡಿಗೆ ಪಟ್ಟಿ ಇರೋದು ಹಾಕ್ಕೋಬೇಕು ಇನ್ನ ಮ್ಯಾಲೆ. ನಂದೂ ಮೂರು ಸಲ ಹೋಗೈತಿ." ಮುಂದೆ ಬಾಗಿ ಆಟೊದವನ ಭುಜ ತಟ್ಟಿದಳು. "ಗಾಡಿ ತಿರುಗಸ್ರಿ."

"ಒಂದ್ ಹಳೇ ಚಪ್ಲಿಗೇನ್ರಿ ಅಕ್ಕಾರ? ಒನ್‌ವೇ ಐತಿ, ಪೂರಾ ಸುತ್ತ ಹಾಕಿ ಬರಬೇಕಾಗ್ತದ."

"ಸುತ್ತ ಹಾಕ್ರಿ," ಎಂದಳು ನೀಲಗಂಗಾ. ಕಸ್ತೂರಿಯ ಪಾದವನ್ನು ಎರಡೂ ಕೈಯಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು, ಗಾಜೋ ಮೊಳೆಯೋ ಚುಚ್ಚಿದೆಯೇ ಎಂದು ಅಂಗಾಲನ್ನು ಸೆರಗಿನಿಂದ ಒರೆಸಿ ನೋಡತೊಡಗಿದಳು.